ಅಜ್ಜಿ ಕೇಳಿದ ದೂರದ ಲೆಕ್ಕ: ಕಾಗದನಗರದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಕಥೆ ನಮ್ಮಜ್ಜಿ ಕೇಳಿದ ಒಂದು ಪ್ರಶ್ನೆಯಿಂದ ಶುರು.

ನಾನು ಬೆಳೆದದ್ದು ಭದ್ರಾವತಿಯ ಕಾಗದನಗರದಲ್ಲಿ. 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್‌ನಿಂದ ಬೆಳೆದ ಊರು ಅದು. ಮಾವ ಕೆಲಸಕ್ಕೆ ಅಂತ ಕ್ಯಾಲಿಫೋರ್ನಿಯಾಗೆ ಹೊರಟಾಗ ಅಜ್ಜಿ ಕೇಳಿದ್ರು, "ಅದು ಎಷ್ಟು ದೂರನೋ?" ನಾನು ಫೋನ್ ನೋಡಿ, "ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14 ಸಾವಿರ ಕಿಲೋಮೀಟರ್" ಅಂದೆ.

"ಕಿಲೋಮೀಟರ್ ಯಾರು ಕೇಳಿದ್ರು? ನಂಗೇನಾದ್ರೂ ಆದ್ರೆ ಅವನು ಎಷ್ಟೊತ್ತಿಗೆ ಬರ್ತಾನೆ, ಅದು ಹೇಳು."

ನೋಡಿ, ದೂರ ಅಂದ್ರೆ ಜನಕ್ಕೆ ಯಾವತ್ತೂ ಹೊತ್ತಿನ ಲೆಕ್ಕವೇ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಆಗ ಭದ್ರಾವತಿಯ ಹೆಸರು ಬೆಂಕಿಪುರ. 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟೋಕೆ ಹೊರಟಾಗ ಸಲಹೆ ಕೊಟ್ಟವರಲ್ಲಿ ನ್ಯೂಯಾರ್ಕ್‌ನ ಎಂಜಿನಿಯರ್ ಸಿ.ಪಿ. ಪೆರಿನ್ ಕೂಡ ಇದ್ದರು. ಆಗ ಅಮೆರಿಕದಿಂದ ಇಲ್ಲಿಗೆ ಬರೋದು ಅಂದ್ರೆ ಹಡಗು, ಆಮೇಲೆ ರೈಲು. ಗಂಟೆಗಳಲ್ಲಲ್ಲ, ವಾರಗಳಲ್ಲಿ ಎಣಿಸಬೇಕಿತ್ತು. ಏರ್ ಇಂಡಿಯಾದ ಮೊದಲ ಅಂತರರಾಷ್ಟ್ರೀಯ ವಿಮಾನ ಬಾಂಬೆಯಿಂದ ಲಂಡನ್‌ಗೆ ಹಾರಿದ್ದೇ 1948ರ ಜೂನ್ 8ಕ್ಕೆ. ಅದೂ ಕೈರೋ, ಜಿನೀವಾದಲ್ಲಿ ಇಳಿದು ಹತ್ತಿ.

2019ರಲ್ಲಿ ಅಜ್ಜಿ ತೀರಿಕೊಂಡ್ರು. ಆಗ ಬೆಂಗಳೂರಿಗೆ ನೇರ ವಿಮಾನ ಇರಲಿಲ್ಲ. ಮಧ್ಯೆ ಇಳಿದು, ಕಾದು, ಇನ್ನೊಂದು ವಿಮಾನ ಹತ್ತಿ, ಬೆಂಗಳೂರಿಂದ ಟ್ಯಾಕ್ಸಿ ಮಾಡ್ಕೊಂಡು ಮಾವ ಮನೆ ಮುಟ್ಟೋ ಹೊತ್ತಿಗೆ ಎಲ್ಲ ಮುಗಿದಿತ್ತು.

ಎರಡು ವರ್ಷವೂ ಕಳೆದಿರಲಿಲ್ಲ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ಎಲ್ಲೂ ನಿಲ್ಲದೆ 11ರ ಬೆಳಗಿನ ಜಾವ ಬೆಂಗಳೂರಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳು. ದಾರಿ ಉತ್ತರ ಧ್ರುವದ ಮೇಲೆ! ಹಾರಿದ್ದು ಸುಮಾರು 16 ಸಾವಿರ ಕಿಲೋಮೀಟರ್, ಹಿಡಿದದ್ದು ಸುಮಾರು 17 ಗಂಟೆ.

ಧ್ರುವ ಯಾಕೆ ಅಂತೀರಾ? ಕಾಗದದ ನಕ್ಷೆಯಲ್ಲಿ ಅಮೆರಿಕ ಸಮುದ್ರದಾಚೆ ಪಕ್ಕಕ್ಕೆ ಕಾಣುತ್ತೆ. ಆದ್ರೆ ಭೂಮಿ ಗುಂಡಗಿದೆ. ಒಂದು ಮೋಸಂಬಿ ಮೇಲೆ ಎರಡು ಚುಕ್ಕೆ ಇಟ್ಟು ದಾರ ಬಿಗಿದು ನೋಡಿ. ಈ ಎರಡು ಊರಿನ ಮಧ್ಯೆ ಹತ್ತಿರದ ದಾರಿ ಮೇಲುಗಡೆ, ಧ್ರುವದ ಪಕ್ಕದಲ್ಲೇ ಹೋಗುತ್ತೆ. ಇನ್ನು ಗಾಳಿ, ವಾಯುಮಾರ್ಗ ನೋಡ್ಕೊಂಡು ಹಾರೋದ್ರಿಂದ ವಿಮಾನಕ್ಕೆ ಕಿಲೋಮೀಟರ್ ಹೆಚ್ಚಾಗುತ್ತೆ.

ಆದ್ರೂ ಅಜ್ಜಿಯ ಲೆಕ್ಕ ಬೇರೆ. ಆ ನೇರ ವಿಮಾನಕ್ಕೂ ಏರ್‌ಪೋರ್ಟ್‌ಗೆ ಮೂರು ಗಂಟೆ ಮುಂಚೆ ಹೋಗಬೇಕಿತ್ತು, ಆಮೇಲೆ ಹಾರಾಟ 17 ಗಂಟೆ, ಇಳಿದ ಮೇಲೆ ಭದ್ರಾವತಿಗೆ ರಸ್ತೆಯಲ್ಲಿ ಇನ್ನೈದಾರು ಗಂಟೆ. ಒಂದು ದಿನ ದಾಟೇ ಹೋಯ್ತು. 2023ರ ಫೆಬ್ರವರಿ 27ಕ್ಕೆ ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣದ ಉದ್ಘಾಟನೆ ಆಯ್ತು, ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಹೊತ್ತು ಹೊಂದಿದ್ರೆ ಆ ಐದಾರು ಗಂಟೆಯಲ್ಲಿ ಒಂದಿಷ್ಟು ಉಳಿಯುತ್ತೆ.

ಮಿಲ್‌ನಲ್ಲಿ ಉತ್ಪಾದನೆ ನಿಂತ ಮೇಲೆ ಕಾಗದನಗರದ ಎಷ್ಟೋ ಮಕ್ಕಳು ದೂರದೂರಿಗೆ ಹೋದ್ರು. ಮನೆಯಲ್ಲಿ ಉಳಿದಿರೋದು ಅಜ್ಜಿ, ತಾತ. ನಿಮ್ಮೂರಿಂದ ನಿಮಗೆ ಎಷ್ಟು ಗಂಟೆ? ಇವತ್ತೇ ಲೆಕ್ಕ ಹಾಕಿ. ಆಮೇಲೆ ಮನೆಗೊಂದು ಫೋನ್ ಮಾಡಿ. ಅದಕ್ಕೆ ಒಂದು ಸೆಕೆಂಡೂ ದೂರ ಇಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.