ಹಗೇವಿನಿಂದ ಕಂಟೇನರಿಗೆ

ಗೌರಿಬಿದನೂರಿನ ಕಡೆ ಗೋದಾಮಾಗಿ, ಕಾವಲುಗಾರನ ಕೋಣೆಯಾಗಿ ನಿಂತ ಹಳೆಯ ಕಂಟೇನರು ಕಂಡಾಗ ನನಗೆ ಹಗೇವು ನೆನಪಾಗುತ್ತದೆ. ಬಯಲುಸೀಮೆಯ ಹಿರಿಯರು ನೆಲದೊಳಗೆ ಗುಂಡಿ ತೋಡಿ, ಸುತ್ತ ಹುಲ್ಲು ಹೊದಿಸಿ, ರಾಗಿಯನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದರು.

ಕಂಟೇನರು ಹುಟ್ಟಿದ್ದು ಕೂಡಿಡಲಿಕ್ಕಲ್ಲ, ಸಾಗಿಸಲಿಕ್ಕೆ. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್‌ಲೀನ್ ‘ಐಡಿಯಲ್ ಎಕ್ಸ್’ ಹಡಗಿನಲ್ಲಿ ಇಂಥ 58 ಪೆಟ್ಟಿಗೆಗಳನ್ನು ಕಳಿಸಿದರು. 1981ರಲ್ಲಿ ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಬೆಂಗಳೂರಿನಲ್ಲಿ ತೆರೆಯಿತು; ಕಡಲಿನಿಂದ ದೂರದ ಊರುಗಳಿಗೂ ಪೆಟ್ಟಿಗೆ ಬಂತು.

ಅದರ ಬಲವೆಲ್ಲ ನಾಲ್ಕು ಮೂಲೆಯ ಕಂಬಗಳಲ್ಲಿ. ಗೋಡೆ ತೆಳುವಾದ ಉಕ್ಕಿನ ತಗಡು. ಹಗೇವಿನಂತೆ ಹೂತರೆ ಮಣ್ಣಿನ ಒತ್ತಡಕ್ಕೆ ಒಳಬಾಗುತ್ತದೆ. ಬಯಲಲ್ಲಿಟ್ಟರೆ ಬಿಸಿಲಿಗೆ ಕಾದು ಒಲೆಯಾಗುತ್ತದೆ. ಸರಕಿಗೆ ಅದು ಸಾಕು. ಒಳಗೆ ಮಲಗುವ ಕಾವಲುಗಾರನಿಗೆ ಮೇಲೊಂದು ಚಪ್ಪರ, ಎದುರುಬದುರು ಕಿಟಕಿಯಾದರೂ ಬೇಕು.