ನೇರನುಡಿಯ ವೀಕ್ಷಕ ವಿವರಣೆ

ಕ್ರೀಡಾಂಗಣದಲ್ಲಿ ನಡೆಯುತ್ತಿರುವುದನ್ನು ಅಲ್ಲಿಲ್ಲದವರಿಗೆ ನುಡಿಯಿಂದಲೇ ಕಾಣಿಸುವ ವೀಕ್ಷಕ ವಿವರಣೆಯೆಂಬ ವೃತ್ತಿ ಭಾರತದಲ್ಲಿ ಬೇರೂರಿದುದು 1934ರಲ್ಲಿ, ಮುಂಬಯಿಯ ಚತುಷ್ಕೋನ ಕ್ರಿಕೆಟ್ ಪಂದ್ಯಾವಳಿಯನ್ನು ಎ.ಎಫ್.ಎಸ್. ತಲ್ಯಾರ್‌ಖಾನರು ಏಕಾಕಿಯಾಗಿ ವರ್ಣಿಸತೊಡಗಿದಂದಿನಿಂದ. ಆಟದ ಗುಣದೋಷಗಳನ್ನು ನಿಸ್ಸಂಕೋಚವಾಗಿ ನುಡಿಯುವುದೂ ತಮ್ಮ ಧರ್ಮವೆಂದು ಬಗೆದಿದ್ದ ಆ ಸ್ವಾಭಿಮಾನಿ, 1948ರಲ್ಲಿ ವೆಸ್ಟ್ ಇಂಡೀಸ್ ತಂಡ ಬಂದಾಗ ಬಾನುಲಿಯವರು ಹಲವರ ಮಂಡಲಿಯನ್ನು ನೇಮಿಸಲು, ಮೈಕನ್ನು ಪರರೊಡನೆ ಹಂಚಿಕೊಳ್ಳಲೊಲ್ಲದೆ ಹೊರನಡೆದರು.

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಂತಹ ಬಯಲುಸೀಮೆಯ ಊರುಗಳಿಗೆ ಕ್ರಿಕೆಟ್ ಮೊದಲು ಬಂದುದು ಕಿವಿಯ ಹಾದಿಯಲ್ಲಿ. ಹದಿನೈದು ವರ್ಷ ಎಡೆಬಿಡದೆ ರಣಜಿ ಟ್ರೋಫಿಯನ್ನು ಗೆದ್ದಿದ್ದ ಮುಂಬಯಿಯನ್ನು 1974ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ಕರ್ನಾಟಕವು ಹಿಂದಿಕ್ಕಿದಾಗ, ವಿಶ್ವನಾಥರ 162 ರನ್ನುಗಳನ್ನೂ ಪ್ರಸನ್ನರ ಬೌಲಿಂಗನ್ನೂ ಕಣ್ಣಾರೆ ಕಂಡವರು ಕೆಲವರೇ; ಮಿಕ್ಕ ನಾಡಿಗೆ ಪರರ ಮಾತೇ ಕಣ್ಣಾಯಿತು. ಇಂತಹ ಕೇಳುಗನಿಗೆ ವಿವರಣೆಕಾರನ ಪ್ರಾಮಾಣಿಕತೆಯ ಹೊರತು ಬೇರೆ ಆಧಾರವಿಲ್ಲ.

ದೂರದರ್ಶನದ ಕಾಲದಲ್ಲಿ ಈ ಪ್ರಾಮಾಣಿಕತೆಗೆ ಹೊಸ ಪರೀಕ್ಷೆಯೊದಗಿತು. ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿ, ಕ್ರಿಕೆಟ್ ಪ್ರಸಾರಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿಯೇ, ಘೋಷಿಸಿತಾದರೂ, ಮುಂದೆ ವಿವರಣೆಕಾರರನ್ನು ಕ್ರಿಕೆಟ್ ಮಂಡಳಿಯೇ ಗೊತ್ತುಮಾಡುವ ಪದ್ಧತಿ ಬೆಳೆಯಿತು. ತಂಡದ ಆಯ್ಕೆಯನ್ನೂ ಆಡಳಿತವನ್ನೂ ಕುರಿತು ಮಾತನಾಡಬಾರದೆಂಬ ನಿರ್ಬಂಧವನ್ನು ಒಪ್ಪದೆ ಆಸ್ಟ್ರೇಲಿಯದ ಇಯಾನ್ ಚಾಪೆಲ್ 2013ರಲ್ಲಿ ಆ ಕೆಲಸವನ್ನೇ ನಿರಾಕರಿಸಿದರು.

1965ರಲ್ಲಿ ಮಂಗಳೂರಿನಲ್ಲಿ ಜನಿಸಿ, ಮುಂಬಯಿಯ ಪರವಾಗಿ ಆಡಿ, 37 ಟೆಸ್ಟುಗಳ ಅನಂತರ ಮೈಕನ್ನು ಹಿಡಿದ ಸಂಜಯ್ ಮಂಜ್ರೇಕರರ ಕಥೆ ಇಲ್ಲಿ ವಿಶೇಷವಾಗಿ ಚಿಂತನಾರ್ಹ. 2019ರ ವಿಶ್ವಕಪ್ಪಿನ ವೇಳೆ, ಅಷ್ಟು ಬ್ಯಾಟಿಂಗು ಇಷ್ಟು ಬೌಲಿಂಗು ಬಲ್ಲ ಅರೆಬರೆ ಆಟಗಾರರು ತನಗೆ ಒಪ್ಪಿತರಲ್ಲವೆಂದು ರವೀಂದ್ರ ಜಡೇಜರನ್ನು ಕುರಿತು ಅವರು ನುಡಿದರು. ಜಡೇಜ ಬಹಿರಂಗವಾಗಿಯೇ ಕೆರಳಿ, ಸೆಮಿಫೈನಲಿನಲ್ಲಿ 59 ಎಸೆತಗಳಿಗೆ 77 ರನ್ ಹೊಡೆದು, ಬ್ಯಾಟಿನಿಂದಲೂ ಉತ್ತರಕೊಟ್ಟರು. ತನ್ನ ಮಾತು ಚೂರುಚೂರಾಯಿತೆಂದು ಮಂಜ್ರೇಕರರು ಮರೆಮಾಚದೆ ಒಪ್ಪಿಕೊಂಡರು. ಅವರ ತೀರ್ಪು ತಪ್ಪಾಗಿತ್ತು. ತೀರ್ಪು ಕೊಡುವ ಅವರ ಅಧಿಕಾರ ತಪ್ಪಾಗಿರಲಿಲ್ಲ. ಆದರೆ ಅದೇ ವರ್ಷ ಕಲ್ಕತ್ತೆಯ ಟೆಸ್ಟಿನಲ್ಲಿ, ಗುಲಾಬಿ ಚೆಂಡು ಕಣ್ಣಿಗೆ ಸರಿಯಾಗಿ ಕಾಣುವುದೇ ಎಂದು ಆಟಗಾರರನ್ನು ಕೇಳಬೇಕೆಂದ ಸಹವಿವರಣೆಕಾರ ಹರ್ಷ ಭೋಗ್ಲೆಯವರಿಗೆ, ಆಡಿದ ತಮ್ಮಂತಹವರು ಕೇಳಬೇಕಾಗಿಲ್ಲವೆಂದು ಉತ್ತರಿಸಿದುದು ನೇರನುಡಿಯಲ್ಲ, ದರ್ಪ. ಟೆಸ್ಟ್ ಆಡದವನಿಗೆ ಪ್ರಶ್ನಿಸುವ ಹಕ್ಕಿಲ್ಲವೆಂದಾದರೆ ಐ.ಡಿ.ಹಳ್ಳಿಯ ಕೇಳುಗನಿಗೆ ಉಳಿಯುವುದೇನು? ಆ ಉತ್ತರಕ್ಕೂ ಮಂಜ್ರೇಕರರು ಪಶ್ಚಾತ್ತಾಪಪಟ್ಟರು. 2020ರ ಮಾರ್ಚಿನಲ್ಲಿ ಮಂಡಳಿಯು ಅವರನ್ನು ತನ್ನ ಪಟ್ಟಿಯಿಂದ ಕೈಬಿಟ್ಟಾಗ, ವಿವರಣೆಯನ್ನು ತಾನು ಹಕ್ಕೆಂದು ಎಂದೂ ಭಾವಿಸಲಿಲ್ಲವೆಂದು ಹೇಳಿ ಅದನ್ನು ಸಂಯಮದಿಂದ ಸ್ವೀಕರಿಸಿದರು. ತಲ್ಯಾರ್‌ಖಾನರು ತಾವಾಗಿ ಎದ್ದುಹೋದರು, ಇವರನ್ನು ಎಬ್ಬಿಸಲಾಯಿತು. ಈ ವೃತ್ತಿಗೆ ಬಂದೊದಗಿರುವ ಪರಾಧೀನತೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ತೋರದು.

2018ರಿಂದ ಐಪಿಎಲ್ ವಿವರಣೆ ಟೆಲಿವಿಷನ್ನಿನಲ್ಲಿ ಕನ್ನಡದಲ್ಲಿಯೂ ಕೇಳಿಬರುತ್ತಿರುವುದು ಹರ್ಷದ ಸಂಗತಿ. ಕನ್ನಡದ ವಿವರಣೆಕಾರರಲ್ಲಿ ನನ್ನ ಬಿನ್ನಹವಿಷ್ಟೆ: ಕೆಟ್ಟ ಹೊಡೆತವನ್ನು ಕೆಟ್ಟದ್ದೆಂದೇ ಹೇಳಿರಿ, ಹೊಡೆದಾತನು ಎಷ್ಟೇ ದೊಡ್ಡವನಾಗಿರಲಿ.