ಮಲೇರಿಯಾ ಗುಟ್ಟು ರಟ್ಟಾಗಿದ್ದು ಬೇಗಂಪೇಟೆಯಲ್ಲಿ: ಏನಿದು ರೊನಾಲ್ಡ್ ರಾಸ್ ಸಂಶೋಧನೆ?

ಪ್ರತಿ ವರ್ಷ ಆಗಸ್ಟ್ 20ರಂದು ವಿಶ್ವ ಸೊಳ್ಳೆ ದಿನ ಆಚರಿಸಲಾಗುತ್ತದೆ. ಇದಕ್ಕೆ ಕಾರಣವಾದ ಸಂಶೋಧನೆ ನಡೆದಿದ್ದು ಹೈದರಾಬಾದ್‌ನ ಬೇಗಂಪೇಟೆಯಲ್ಲಿ. ಆ ಹಳೆಯ ಕಟ್ಟಡ ಈಗ ಉಸ್ಮಾನಿಯಾ ವಿಶ್ವವಿದ್ಯಾಲಯದ ಸರ್ ರೊನಾಲ್ಡ್ ರಾಸ್ ಸಂಸ್ಥೆ.

ಯಾರು ಈ ರಾಸ್?
1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದ ರಾಸ್, ಬ್ರಿಟಿಷ್ ಆಡಳಿತದ ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದ ವೈದ್ಯ. ಬೆಂಗಳೂರಿನ ನಂಟೂ ಅವರಿಗಿತ್ತು. 1883ರಲ್ಲಿ ಇಲ್ಲಿ ಸೇನಾ ವೈದ್ಯರಾಗಿದ್ದಾಗ, ನಿಂತ ನೀರನ್ನು ತಪ್ಪಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನು ಗಮನಿಸಿದ್ದರು.

ಪತ್ತೆಯಾಗಿದ್ದು ಹೇಗೆ?
ಮಲೇರಿಯಾ ರೋಗಾಣುವನ್ನು ಫ್ರಾನ್ಸ್‌ನ ಲಾವೆರಾನ್ 1880ರಲ್ಲೇ ಗುರುತಿಸಿದ್ದರು. ಅದು ಹರಡುವ ದಾರಿ ಮಾತ್ರ ತಿಳಿದಿರಲಿಲ್ಲ. ಸೊಳ್ಳೆಯ ಮೇಲೆ ಗಮನವಿಡುವಂತೆ ರಾಸ್‌ಗೆ ಸೂಚಿಸಿದವರು ಪ್ಯಾಟ್ರಿಕ್ ಮ್ಯಾನ್ಸನ್. ಹುಸೇನ್ ಖಾನ್ ಎಂಬ ರೋಗಿ, ಸೊಳ್ಳೆಯೊಂದಕ್ಕೆ ಒಂದು ಆಣೆಯಂತೆ ಹಣ ಪಡೆದು ಕಚ್ಚಿಸಿಕೊಂಡರು. 1897ರ ಆಗಸ್ಟ್ 20ರಂದು ಅಂಥ ಅನಾಫಿಲಿಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ರೋಗಾಣು ಬೆಳೆಯುತ್ತಿರುವುದು ಸೂಕ್ಷ್ಮದರ್ಶಕದಲ್ಲಿ ಕಂಡಿತು.

ಮುಂದೇನಾಯಿತು?
1898ರಲ್ಲಿ ಕಲ್ಕತ್ತಾದಲ್ಲಿ, ಸೊಳ್ಳೆ ಕಡಿತದಿಂದ ಹಕ್ಕಿಗಳಿಗೆ ಮಲೇರಿಯಾ ಹರಡುವುದನ್ನು ರಾಸ್ ಸಾಬೀತುಪಡಿಸಿದರು. ಮನುಷ್ಯರಿಗೆ ಅನಾಫಿಲಿಸ್‌ನಿಂದ ರೋಗ ಹರಡುವುದನ್ನು ಇಟಲಿಯ ಗ್ರಾಸ್ಸಿ ತಂಡ ತೋರಿಸಿತು. ಶ್ರೇಯ ಯಾರದೆಂಬ ಜಗಳ ಬಹುಕಾಲ ನಡೆಯಿತು. 1902ರ ನೊಬೆಲ್ ರಾಸ್ ಪಾಲಾಯಿತು.

ಈಗಲೂ ಏಕೆ ಮುಖ್ಯ?
ರೋಗ ಬಂದ ಮೇಲೆ ಔಷಧ ಕೊಡುವುದಷ್ಟೇ ಅಲ್ಲ, ಹರಡುವ ಕೊಂಡಿಯನ್ನೇ ಕತ್ತರಿಸಬಹುದು ಎಂಬುದು ಈ ಸಂಶೋಧನೆ ಕೊಟ್ಟ ಪಾಠ. ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬೇಕು. ಹಾಗಾಗಿ ಮನೆಯ ಡ್ರಮ್, ತೊಟ್ಟಿಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ತೊಳೆಯಿರಿ, ಮುಚ್ಚಿಡಿ. ಚಳಿಜ್ವರ ಬಂದರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಿ.